ಸೋದರಮಾವನ ಮಗಳನ್ನು ಮದುವೆಯಾದ ಡಾರ್ವಿನ್‌ರನ್ನು ಕಾಡಿದ ಪ್ರಶ್ನೆ

ಚಾರ್ಲ್ಸ್ ಡಾರ್ವಿನ್ ಎಂದರೆ ನಮಗೆಲ್ಲ ನೆನಪಾಗುವುದು ಪಠ್ಯಪುಸ್ತಕದ ಆ ಚಿತ್ರ: ಎದೆಯವರೆಗೆ ಇಳಿದ ಬಿಳಿ ಗಡ್ಡ, ಗಂಭೀರ ಮುಖ. ನಗುವುದೇ ಗೊತ್ತಿಲ್ಲದವರಂತೆ ಕಾಣುತ್ತಾರೆ. ಅವರ ಮಕ್ಕಳಿಗೆ ಗೊತ್ತಿದ್ದ ಡಾರ್ವಿನ್ ಮಾತ್ರ ಬೇರೆಯೇ ಆಗಿದ್ದರು.

1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ವೈದ್ಯರೊಬ್ಬರ ಮಗನಾಗಿ ಹುಟ್ಟಿದ ಅವರು ತಾವೂ ವೈದ್ಯಕೀಯ ಓದಲು ಹೋದರು. ಅರಿವಳಿಕೆ ಇಲ್ಲದ ಕಾಲ ಅದು. ಮಗುವೊಂದಕ್ಕೆ ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಹೊರಗೋಡಿದರು, ಮುಂದೆ ಆ ಓದನ್ನೇ ಬಿಟ್ಟರು. ಕೇಂಬ್ರಿಡ್ಜ್‌ಗೆ ಹೋದ ಮೇಲೆ ಪಾಠಕ್ಕಿಂತ ಕುದುರೆ ಸವಾರಿ, ಬೇಟೆ ಮತ್ತು ಜೀರುಂಡೆ ಹಿಡಿಯುವುದೇ ಹೆಚ್ಚಾಯಿತು. ಒಮ್ಮೆ ಎರಡು ಕೈಯಲ್ಲೂ ಒಂದೊಂದು ಜೀರುಂಡೆ ಇದ್ದಾಗ ಮೂರನೆಯದು ಕಣ್ಣಿಗೆ ಬಿತ್ತು. ಕೈ ಖಾಲಿ ಮಾಡಲು ಒಂದನ್ನು ಬಾಯಿಗೆ ಹಾಕಿಕೊಂಡರು! ಅದು ಚಿಮ್ಮಿಸಿದ ರಸಕ್ಕೆ ನಾಲಗೆ ಉರಿದು ಉಗುಳಬೇಕಾಯಿತು, ಮೂರನೆಯದೂ ಕೈತಪ್ಪಿತು. 1831ರ ಡಿಸೆಂಬರ್‌ನಲ್ಲಿ ಬೀಗಲ್ ಹಡಗು ಹತ್ತಿದಾಗ ಅವರಿಗೆ 22 ವರ್ಷ. ಸುಮಾರು ಐದು ವರ್ಷಗಳ ಆ ಯಾನದಲ್ಲಿ ಗಲಾಪಗೋಸ್ ದ್ವೀಪಗಳ ದೈತ್ಯ ಆಮೆಗಳ ಬೆನ್ನೇರಿ ಸವಾರಿಯನ್ನೂ ಮಾಡಿದರು.

1839ರಲ್ಲಿ ಎಮ್ಮಾ ವೆಜ್‌ವುಡ್ ಜೊತೆ ಮದುವೆಯಾಯಿತು. ಎಮ್ಮಾ ಅವರ ತಾಯಿಯ ತಮ್ಮನ ಮಗಳು, ಅಂದರೆ ಸೋದರಮಾವನ ಮಗಳು. ಇಂಥ ಮದುವೆ ನಮ್ಮ ಕರ್ನಾಟಕದಲ್ಲಿ ಹೊಸದಲ್ಲ. ಆಗಿನ ಇಂಗ್ಲೆಂಡಿನ ಅನುಕೂಲಸ್ಥ ಮನೆಗಳಲ್ಲೂ ಹೊಸದಾಗಿರಲಿಲ್ಲ.

1842ರಲ್ಲಿ ದಂಪತಿ ಲಂಡನ್ ಬಿಟ್ಟು ಕೆಂಟ್ ಪ್ರಾಂತ್ಯದ ಡೌನ್ ಹಳ್ಳಿಗೆ ಬಂದರು. ಅವರಿಗೆ ಹುಟ್ಟಿದ್ದು ಒಟ್ಟು ಹತ್ತು ಮಕ್ಕಳು. ಮೆಟ್ಟಿಲ ಮೇಲೆ ಹಲಗೆ ಇಟ್ಟು ಜಾರುವುದಕ್ಕೆ ಆ ಮನೆಯಲ್ಲಿ ಅಡ್ಡಿಯಿರಲಿಲ್ಲ. ಜೀವಿಗಳ ಉಗಮದ ಕುರಿತ ಅವರ ಪ್ರಖ್ಯಾತ ಪುಸ್ತಕದ ಹಸ್ತಪ್ರತಿಯಲ್ಲಿ ಇಂದು ಉಳಿದಿರುವ ಕೆಲವು ಹಾಳೆಗಳ ಹಿಂದೆ ತರಕಾರಿಗಳು ಸೈನಿಕರಾಗಿ ಯುದ್ಧ ಮಾಡುವ ಚಿತ್ರವಿದೆ. ಬರೆದದ್ದು ಮನೆಯ ಮಕ್ಕಳು. ತೋಟದಲ್ಲಿ ಗಂಡು ದುಂಬಿಗಳ ಹಾರಾಟದ ದಾರಿ ತಿಳಿಯಲು ಡಾರ್ವಿನ್ ಒಂದೊಂದು ಪೊದೆಯ ಬಳಿ ಒಂದೊಂದು ಮಗುವನ್ನು ನಿಲ್ಲಿಸುತ್ತಿದ್ದರು. ದುಂಬಿ ಬಂದರೆ ಕೂಗಬೇಕು. ಕಡಲ ಬಂಡೆಗೆ ಅಂಟಿಕೊಂಡು ಬದುಕುವ ಬಾರ್ನಕಲ್ ಎಂಬ ಜೀವಿಗಳನ್ನು ಅವರು ಎಂಟು ವರ್ಷ ಕೊಯ್ದು ನೋಡಿದರು. ಅದನ್ನೇ ನೋಡುತ್ತ ಬೆಳೆದ ಮಗುವೊಂದು, ನೆರೆಮನೆಯ ಅಪ್ಪ ತನ್ನ ಬಾರ್ನಕಲ್‌ಗಳನ್ನು ಎಲ್ಲಿಟ್ಟು ನೋಡುತ್ತಾರೆ ಎಂದು ಕೇಳಿತಂತೆ. ರಾತ್ರಿಯಾದರೆ ಗಂಡ ಹೆಂಡತಿ ಬ್ಯಾಕ್‌ಗ್ಯಾಮನ್ ಆಡುತ್ತಿದ್ದರು. ಅದರ ಲೆಕ್ಕವನ್ನೂ ಇಟ್ಟಿದ್ದರು ಎಂಬುದು ನಮಗಂತೂ ಬಹಳ ಇಷ್ಟವಾದ ಸಂಗತಿ: 1876ರ ಹೊತ್ತಿಗೆ ಡಾರ್ವಿನ್ ಗೆದ್ದದ್ದು 2795, ಎಮ್ಮಾ 2490.

ಇಷ್ಟು ಗಲಾಟೆಯ ಮನೆಯಲ್ಲಿ ಮೂರು ಮಕ್ಕಳು ಉಳಿಯಲಿಲ್ಲ. ಮೇರಿ ಕೆಲವೇ ವಾರ ಬದುಕಿದಳು. 1851ರ ಏಪ್ರಿಲ್‌ನಲ್ಲಿ ಹತ್ತು ವರ್ಷದ ಆ್ಯನಿ, ಚಿಕಿತ್ಸೆಗೆಂದು ಕರೆದೊಯ್ದಿದ್ದ ಮಾಲ್ವರ್ನ್ ಊರಿನಲ್ಲಿ ತೀರಿಕೊಂಡಳು. ತುಂಬು ಗರ್ಭಿಣಿ ಎಮ್ಮಾ ಮನೆಯಲ್ಲೇ ಇರಬೇಕಾಯಿತು, ಹಾಸಿಗೆಯ ಪಕ್ಕದಲ್ಲಿ ಕೂತಿದ್ದು ಅಪ್ಪ. 1858ರ ಜುಲೈ 1ರಂದು ಲಂಡನ್ನಿನಲ್ಲಿ ವಿಕಾಸವಾದದ ಪ್ರಬಂಧವನ್ನು ಮೊದಲ ಬಾರಿ ಓದಿದಾಗ ಡಾರ್ವಿನ್ ಅಲ್ಲಿರಲಿಲ್ಲ. ಸ್ಕಾರ್ಲೆಟ್ ಜ್ವರಕ್ಕೆ ತುತ್ತಾದ ಒಂದೂವರೆ ವರ್ಷದ ಮಗ ಚಾರ್ಲ್ಸ್ ತೀರಿಕೊಂಡು ಮೂರೇ ದಿನವಾಗಿತ್ತು.

ಉಳಿದ ಮಕ್ಕಳೂ ಆಗಾಗ ಕಾಯಿಲೆ ಬೀಳುತ್ತಿದ್ದರು. ರಕ್ತಸಂಬಂಧದ ಮದುವೆಯೇ ಇದಕ್ಕೆ ಕಾರಣವೇ? ಈ ಅಳುಕನ್ನು ಡಾರ್ವಿನ್ ಪ್ರಶ್ನೆಯಾಗಿಸಿಕೊಂಡರು. ಗಿಡಗಳಲ್ಲಿ ಸ್ವಪರಾಗಸ್ಪರ್ಶ ಮತ್ತು ಪರಪರಾಗಸ್ಪರ್ಶದ ಸಂತತಿಗಳನ್ನು ಅಕ್ಕಪಕ್ಕ ಬೆಳೆಸಿ ವರ್ಷಗಟ್ಟಲೆ ಅಳೆದರು. ಸ್ವಪರಾಗಸ್ಪರ್ಶದಿಂದ ಬಂದ ಸಸಿಗಳು ಸಾಮಾನ್ಯವಾಗಿ ಗಿಡ್ಡ, ಬೀಜವೂ ಕಡಿಮೆ. ಈ ಪುಸ್ತಕ ಬಂದದ್ದು 1876ರಲ್ಲಿ. ಅದಕ್ಕೂ ಮೊದಲು, 1871ರ ಜನಗಣತಿಯಲ್ಲಿ ಸೋದರ ಸಂಬಂಧದ ಮದುವೆಯ ಬಗ್ಗೆ ಪ್ರಶ್ನೆ ಸೇರಿಸುವಂತೆ ನೆರೆಯ ಸಂಸದ ಜಾನ್ ಲಬಕ್ ಮೂಲಕ ಕೇಳಿಸಿದ್ದರು. ಸಂಸತ್ತು ಒಪ್ಪಲಿಲ್ಲ. ಮಗ ಜಾರ್ಜ್ ತಾನೇ ಅಂಕಿಅಂಶ ಕಲೆಹಾಕಿ, ದುಷ್ಪರಿಣಾಮ ಜನ ಹೆದರುವಷ್ಟು ದೊಡ್ಡದಲ್ಲ ಎಂದು 1875ರಲ್ಲಿ ಹೇಳಿದ.

ಇಂದು ನಮಗೆ ಉತ್ತರ ಇನ್ನಷ್ಟು ಸ್ಪಷ್ಟ. ನಮ್ಮೆಲ್ಲರಲ್ಲೂ ಕೆಲವು ದೋಷಯುಕ್ತ ಜೀನ್‌ಗಳು ಸುಮ್ಮನೆ ಇರುತ್ತವೆ. ತಂದೆ, ತಾಯಿ ಇಬ್ಬರಿಂದಲೂ ಅದೇ ದೋಷ ಬಂದರೆ ಮಾತ್ರ ಕೆಲವು ಕಾಯಿಲೆಗಳು ಕಾಣಿಸಿಕೊಳ್ಳುತ್ತವೆ. ಸೋದರಮಾವನ ಮಗಳೊಂದಿಗೆ ಸುಮಾರು ಎಂಟನೇ ಒಂದು ಭಾಗ ಜೀನ್‌ಗಳು ಸಮಾನವಾಗಿರುವುದರಿಂದ ಆ ಸಾಧ್ಯತೆ ಹೆಚ್ಚು. ಮಗುವಿಗೆ ಹುಟ್ಟಿನಿಂದಲೇ ತೊಂದರೆ ಇರುವ ಸಂಭವ ಸಾಮಾನ್ಯವಾಗಿ ಶೇ. 2ರಿಂದ 3, ಇಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ಹಾಗಾಗಿ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಆದರೆ ತಲೆಮಾರುಗಳಿಂದ ಒಳಗೊಳಗೇ ಮದುವೆಯಾಗಿದ್ದರೆ ಅಪಾಯ ಏರುತ್ತದೆ. ಗೋತ್ರ ಬೇರೆಯಾದರೆ ಸಾಕು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ: ಗೋತ್ರ ನೋಡುವುದು ತಂದೆಯ ಕಡೆಯನ್ನು ಮಾತ್ರ, ಜೀನ್ ಬರುವುದು ಎರಡೂ ಕಡೆಯಿಂದ. ಮನೆತನದಲ್ಲಿ ಆನುವಂಶಿಕ ಕಾಯಿಲೆ ಇದ್ದರೆ ಮದುವೆಗೆ ಮೊದಲೇ ತಜ್ಞರ ಸಲಹೆ ಪಡೆಯುವುದು ಒಳ್ಳೆಯದು.

ಆ್ಯನಿಗೆ ಬಂದದ್ದು ಕ್ಷಯ ಇರಬಹುದು ಎಂಬುದು ಇತಿಹಾಸಕಾರರ ಊಹೆ. ಆಗ ಅದಕ್ಕಾಗಲಿ ಸ್ಕಾರ್ಲೆಟ್ ಜ್ವರಕ್ಕಾಗಲಿ ಆ್ಯಂಟಿಬಯೋಟಿಕ್ ಇರಲಿಲ್ಲ, ಆದ್ದರಿಂದ ದೋಷವನ್ನೆಲ್ಲ ಮದುವೆಯ ಮೇಲೆ ಹೊರಿಸಲಾಗದು. ಉಳಿದ ಏಳು ಮಕ್ಕಳಲ್ಲಿ ಜಾರ್ಜ್, ಫ್ರಾನ್ಸಿಸ್, ಹೊರೇಸ್ ಮೂವರೂ ರಾಯಲ್ ಸೊಸೈಟಿಯ ಸದಸ್ಯರಾದರು.

ಮುದುಕರಾದ ಮೇಲೂ ಮನೆಯವರನ್ನು ಪ್ರಯೋಗಕ್ಕೆ ಎಳೆಯುವುದನ್ನು ಡಾರ್ವಿನ್ ಬಿಡಲಿಲ್ಲ. ಎರೆಹುಳುಗಳಿಗೆ ಕಿವಿ ಕೇಳಿಸುತ್ತದೆಯೇ ಎಂದು ತಿಳಿಯಲು ಕುಂಡಗಳಲ್ಲಿ ಹುಳು ಸಾಕಿದರು. ಫ್ರಾನ್ಸಿಸ್ ಬಾಸೂನ್ ಊದಿದ, ಎಮ್ಮಾ ಪಿಯಾನೊ ನುಡಿಸಿದರು, ಪುಟ್ಟ ಮೊಮ್ಮಗ ಬರ್ನಾರ್ಡ್ ಪೀಪಿ ಊದಿದ. ಹುಳುಗಳು ಅಲುಗಲಿಲ್ಲ. ಕುಂಡವನ್ನು ಪಿಯಾನೊ ಮೇಲೆಯೇ ಇಟ್ಟಾಗ ಮಾತ್ರ ಕಂಪನಕ್ಕೆ ಬೆದರಿ ಬಿಲ ಸೇರಿದವು. ಆ ಪುಸ್ತಕ ಹೊರಬಂದದ್ದು 1881ರಲ್ಲಿ. ಮರುವರ್ಷದ ಏಪ್ರಿಲ್ 19ರಂದು ಅವರು ಅದೇ ಮನೆಯಲ್ಲಿ ತೀರಿಕೊಂಡರು. ಹಳ್ಳಿಯ ಚರ್ಚಿನ ಅಂಗಳದಲ್ಲೇ ಮಣ್ಣಾಗುವ ಆಸೆಯಿದ್ದ ಅವರನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಲಾಯಿತು. ಎಮ್ಮಾ ಅಲ್ಲಿಗೆ ಹೋಗದೆ ಡೌನ್‌ನಲ್ಲೇ ಉಳಿದರು.