ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ

ನಮ್ಮ ಸಾಂಗಲಿ-ಮಿರಜ ಸೀಮೆಗೆ ನೀರುಣಿಸುವ ಕೃಷ್ಣಾ ನದಿಯು ಮೇಲ್ಗಡೆ ಸಾತಾರೆಯ ಹತ್ತಿರ ವೆಣ್ಣಾ ನದಿಯನ್ನು ಕೂಡಿಕೊಳ್ಳುತ್ತದೆ. ಆ ಸಂಗಮದ ದಂಡೆಯ ಮಾಹುಲಿ ಗ್ರಾಮವೇ ರಾಮಶಾಸ್ತ್ರಿ ಪ್ರಭುಣೆಯವರ ಊರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಸಾತಾರೆಯ ಸಾಹುಕಾರರೊಬ್ಬರ ಮನೆಯಲ್ಲಿ ಚಾಕರಿಗಿದ್ದರು. ವಿದ್ಯೆಯ ಹಂಬಲ ಹುಟ್ಟಿದಾಗ ಅವರು ಆಗಲೇ ಪ್ರಾಯಕ್ಕೆ ಬಂದಿದ್ದರು. ಆದರೂ ಎದೆಗುಂದದೆ ಕಾಶಿಗೆ ಹೋಗಿ, ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡಿ ಪಂಡಿತರಾಗಿ ಮರಳಿದರು. 1751ರಲ್ಲಿ ಪುಣೆಯ ಪೇಶವೆಯವರ ಸೇವೆಗೆ ಸೇರಿ, 1759ರಲ್ಲಿ ಮುಖ್ಯ ನ್ಯಾಯಾಧೀಶರಾದರು.

ಪೇಶವೆ ಮಾಧವರಾಯರು ಜಪತಪಗಳಲ್ಲಿ ಹೆಚ್ಚು ಹೊತ್ತು ಕಳೆಯತೊಡಗಿದಾಗ, ಪ್ರಜಾಪಾಲನೆಯೇ ಅರಸನ ಮೊದಲ ಧರ್ಮವೆಂದು ಶಾಸ್ತ್ರಿಗಳು ಅವರಿಗೆ ನೇರವಾಗಿ ತಿಳಿಸಿದರು. ಮಾಧವರಾಯರು ಅದನ್ನು ಒಪ್ಪಿ ನಡೆದುಕೊಂಡರು.

1772ರಲ್ಲಿ ಮಾಧವರಾಯರು ತೀರಿಕೊಂಡರು. ಅವರ ತಮ್ಮ ನಾರಾಯಣರಾಯರು ಪೇಶವೆಯಾದರು. 1773ರ ಆಗಸ್ಟ್ 30ರಂದು, ಹದಿನೆಂಟರ ಹರೆಯದ ಆ ಪೇಶವೆಯನ್ನು ಶನಿವಾರವಾಡೆಯಲ್ಲಿಯೇ ಗಾರದಿ ಸಿಪಾಯಿಗಳು ಕೊಂದುಹಾಕಿದರು. ಚಿಕ್ಕಪ್ಪ ರಘುನಾಥರಾಯ, ಅಂದರೆ ರಾಘೋಬಾ, ಅಧಿಕಾರವನ್ನು ಕೈಗೆ ತೆಗೆದುಕೊಂಡನು. ಹಿಡಿಯಿರಿ ಎಂದಿದ್ದ ಆಜ್ಞಾಪತ್ರವನ್ನು ಒಂದಕ್ಷರ ತಿದ್ದಿ ಕೊಲ್ಲಿರಿ ಎಂದು ಮಾಡಲಾಯಿತೆಂಬ ಕಥೆ ಮರಾಠಿಯಲ್ಲಿ ಇಂದಿಗೂ ನಾಣ್ಣುಡಿಯಾಗಿ ಉಳಿದಿದೆ.

ಆಗ ನಿಜಾಮ ಮತ್ತು ಹೈದರ ಅಲಿಯರ ಮೇಲೆ ದಂಡೆತ್ತಿ ಹೋಗುವ ಸಿದ್ಧತೆ ನಡೆದಿತ್ತು. ಶತ್ರುಗಳು ಎದುರಿಗಿರುವಾಗ ಸೇನೆಯ ಒಡೆಯನನ್ನೇ ಅಪರಾಧಿಯೆಂದರೆ ರಾಜ್ಯದ ಗತಿಯೇನು ಎನ್ನಿಸುವಂಥ ಸಮಯವದು. ರಾಮಶಾಸ್ತ್ರಿಗಳು ಹಾಗೆ ಎಣಿಸಲಿಲ್ಲ. ವಿಚಾರಣೆ ನಡೆಸಿ, ಕೊಲೆಯ ಹೊಣೆ ರಾಘೋಬಾನದೇ ಎಂದೂ, ಆ ಪಾಪಕ್ಕೆ ಪ್ರಾಣವನ್ನು ತೆರುವುದೊಂದೇ ಪ್ರಾಯಶ್ಚಿತ್ತವೆಂದೂ ಅವನ ಎದುರಿಗೇ ತೀರ್ಪಿತ್ತರು. ಆ ತೀರ್ಪನ್ನು ಜಾರಿಗೆ ತರಲು ಅವರ ಹತ್ತಿರ ಒಬ್ಬ ಸಿಪಾಯಿಯೂ ಇರಲಿಲ್ಲ. ಆದುದರಿಂದ ಪದವಿಯನ್ನೇ ತ್ಯಜಿಸಿ, ಪುಣೆಯನ್ನು ಬಿಟ್ಟು, ವಾಯಿಯ ಹತ್ತಿರದ ಹಳ್ಳಿಯೊಂದರಲ್ಲಿ ಹೋಗಿ ನೆಲೆಸಿದರು.

ರಾಘೋಬಾ ದಂಡಿನೊಡನೆ ಹೊರಟುಹೋದನು. ಆದರೆ ಬೆನ್ನ ಹಿಂದೆ ನಾನಾ ಫಡನವೀಸ ಮೊದಲಾದ ಬಾರಭಾಯಿಗಳು ಒಂದುಗೂಡಿದರು. ಮಿರಜದ ಪಟವರ್ಧನರೂ ಅವರ ಪಕ್ಷವನ್ನೇ ಹಿಡಿದರು. 1762ರಲ್ಲಿ ಇದೇ ರಾಘೋಬಾ ಮಿರಜ ಕೋಟೆಯನ್ನು ಮುತ್ತಿ, ಪಟವರ್ಧನ ಗೋಪಾಳರಾಯರಿಂದ ಕಿತ್ತುಕೊಂಡಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. 1774ರ ಏಪ್ರಿಲ್ 18ರಂದು ನಾರಾಯಣರಾಯರ ವಿಧವೆ ಗಂಗಾಬಾಯಿಯವರು ಪುರಂದರ ಕೋಟೆಯಲ್ಲಿ ಗಂಡುಮಗುವನ್ನು ಹೆತ್ತರು. ಆ ಕೂಸೇ ಸವಾಯಿ ಮಾಧವರಾಯ ಪೇಶವೆಯಾಯಿತು. ರಾಘೋಬಾ ಇಂಗ್ಲಿಷರ ಮೊರೆಹೊಕ್ಕು, 1775ರಲ್ಲಿ ಸೂರತ್ ಒಪ್ಪಂದ ಮಾಡಿಕೊಂಡನು. ಅದರಿಂದ ಮೊದಲಾದ ಯುದ್ಧ 1782ರ ಸಾಲಬಾಯಿ ಒಪ್ಪಂದದವರೆಗೆ ನಡೆಯಿತು. ಪೇಶವೆಯ ಗಾದಿ ಮಾತ್ರ ಅವನಿಗೆ ಮತ್ತೆ ದಕ್ಕಲಿಲ್ಲ.

ಬಾರಭಾಯಿಗಳು ಶಾಸ್ತ್ರಿಗಳನ್ನು ಗೌರವದಿಂದ ಮರಳಿ ಕರೆತಂದರು. ನ್ಯಾಯಪೀಠದ ಘನತೆಯನ್ನು ಕಾಯುತ್ತ ಬಾಳಿದ ಅವರು 1789ರಲ್ಲಿ ದಿವಂಗತರಾದರು.

ವಿದ್ಯಾರ್ಥಿ ಮಿತ್ರರೆ, ರಾಮಶಾಸ್ತ್ರಿಗಳು ವಿಧಿಸಿದ ಶಿಕ್ಷೆ ಜಾರಿಯಾಗಲಿಲ್ಲ. ರಾಘೋಬಾ 1783ರಲ್ಲಿ ಸಹಜ ಮರಣವನ್ನೇ ಹೊಂದಿದನು. ಹಾಗೆಂದು ತೀರ್ಪು ವ್ಯರ್ಥವಾಯಿತೆನ್ನಬಹುದೇ? ಅಂದು ಅರಸನ ಕೈಯನ್ನು ಕಟ್ಟುವ ಲಿಖಿತ ಸಂವಿಧಾನವಿರಲಿಲ್ಲ. ನ್ಯಾಯಾಧೀಶನಿಗಿದ್ದ ಬಲವೆಂದರೆ ಅವನ ನಿಷ್ಠೆಯೊಂದೇ. ಯುದ್ಧದ ನೆವದಿಂದ ಅಪರಾಧವು ಅಪರಾಧವಲ್ಲವೆಂದಾಗದು ಎಂಬುದನ್ನು ಅವರು ನಡೆದು ತೋರಿಸಿದರು. ಇಂದು ನ್ಯಾಯಾಲಯಗಳಿಗೆ ಸಂವಿಧಾನದ ಬಲವಿದೆ. ಆದರೂ ಕಷ್ಟಕಾಲದಲ್ಲಿ ಸತ್ಯವನ್ನಾಡಲು ಬೇಕಾದ ಎದೆಗಾರಿಕೆಯನ್ನು ಯಾವ ಕಾಯಿದೆಯೂ ಕೊಡಲಾರದು. ಅದನ್ನು ನಾವೇ ಗಳಿಸಿಕೊಳ್ಳಬೇಕು.