ದಲೀಪ್ ಸಿಂಗ್ ಸೌಂದ್: ಐವತ್ತನೇ ವಯಸ್ಸಿಗೆ ಸಿಕ್ಕ ಮತದ ಹಕ್ಕು

ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಭಾರತೀಯ ದಲೀಪ್ ಸಿಂಗ್ ಸೌಂದ್. ಇವರು ವಕೀಲರೂ ಅಲ್ಲ, ದೊಡ್ಡ ಶ್ರೀಮಂತರೂ ಅಲ್ಲ. ವೆಸ್ಟ್‌ಮೋರ್‌ಲ್ಯಾಂಡ್ ಎಂಬ ಸಣ್ಣ ಊರಿನ ರೈತರು.

ಸೌಂದ್ 1899ರಲ್ಲಿ ಪಂಜಾಬಿನ ಛಜ್ಜಲವಾಡಿ ಹಳ್ಳಿಯಲ್ಲಿ ಹುಟ್ಟಿದರು. 1920ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಹಣ್ಣು ಕೆಡದಂತೆ ಡಬ್ಬಿಯಲ್ಲಿಡುವ ವಿದ್ಯೆ ಕಲಿತು, ಊರಿಗೆ ಮರಳಿ ಮಾವಿನ ಹಣ್ಣಿನ ಉದ್ಯಮ ಶುರು ಮಾಡುವುದು ಅವರ ಆಸೆಯಾಗಿತ್ತು. ಆಮೇಲೆ ಬರ್ಕ್ಲಿಯಲ್ಲಿ ಗಣಿತ ಓದಿ 1924ರಲ್ಲಿ ಪಿಎಚ್.ಡಿ. ಪಡೆದರು.

ಅಷ್ಟು ಓದಿದರೂ ತಕ್ಕ ಕೆಲಸ ಸಿಗಲಿಲ್ಲ. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಸೌಂದ್ ಇಂಪೀರಿಯಲ್ ಕಣಿವೆಗೆ ಹೋಗಿ ಬೇಸಾಯಕ್ಕಿಳಿದರು. ಅಲ್ಲೂ ತೊಡಕು. ಪೌರತ್ವಕ್ಕೆ ಅರ್ಹರಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಜಮೀನು ಕೊಳ್ಳುವಂತಿರಲಿಲ್ಲ, ಗುತ್ತಿಗೆಗೂ ಪಡೆಯುವಂತಿರಲಿಲ್ಲ. ಭಾರತೀಯ ರೈತರು ಅಮೆರಿಕನ್ ಗೆಳೆಯರ ಹೆಸರಿನಲ್ಲಿ ಕಾಗದಪತ್ರ ಮಾಡಿಸಬೇಕಿತ್ತು. ಬೆವರು ಇವರದು, ಹೆಸರು ಇನ್ನೊಬ್ಬರದು. ಅಕೌಂಟೆನ್ಸಿಯಲ್ಲಿ ಆಸ್ತಿಯ ಕಡೆ ಏನು ಬರೆಯಬೇಕೆಂದು ನಾವು ಕಲಿಯುತ್ತೇವೆ. ಅವರು ಅಲ್ಲಿ ಒಂದು ಗುಂಟೆಯನ್ನೂ ಬರೆಯುವಂತಿರಲಿಲ್ಲ. ನಮ್ಮ ಅಬ್ಬಾ ಇಂದಿಗೂ ಬಾಡಿಗೆ ಅಂಗಡಿ ನಡೆಸುತ್ತಾರೆ. ಆದರೆ ಕರಾರು ಪತ್ರದಲ್ಲಿ ಅವರ ಹೆಸರೇ ಇದೆ. ಅದರ ಬೆಲೆ ನನಗೆ ಈಗ ತಿಳಿಯಿತು.

1928ರಲ್ಲಿ ಸೌಂದ್ ಮೇರಿಯನ್ ಕೋಸಾ ಅವರನ್ನು ಮದುವೆಯಾದರು. ಆಕೆಯದು ಚೆಕ್ ಮೂಲದ ವಲಸಿಗ ಕುಟುಂಬ. ಸೌಂದ್ ಅವರನ್ನು ಮದುವೆಯಾದ ಕಾರಣಕ್ಕೆ ಅಂದಿನ ಕಾನೂನಿನಂತೆ ಆಕೆಯ ಪೌರತ್ವವೂ ಹೋಯಿತು.

ಸೌಂದ್ ಸುಮ್ಮನೆ ಕೂರಲಿಲ್ಲ. ಭಾರತೀಯರನ್ನು ಒಟ್ಟುಗೂಡಿಸಿ ಪೌರತ್ವಕ್ಕಾಗಿ ಹೋರಾಡಿದರು. 1946ರಲ್ಲಿ ಕಾನೂನು ಬದಲಾಯಿತು. 1949ರ ಡಿಸೆಂಬರ್‌ನಲ್ಲಿ ಅವರು ಅಮೆರಿಕದ ಪ್ರಜೆಯಾದರು. ಆಗ ಅವರಿಗೆ 50 ವರ್ಷ. ಮರುವರ್ಷವೇ ವೆಸ್ಟ್‌ಮೋರ್‌ಲ್ಯಾಂಡ್‌ನ ನ್ಯಾಯಾಧೀಶರ ಚುನಾವಣೆಗೆ ನಿಂತು ಗೆದ್ದರು. ಆದರೆ ಪೌರತ್ವ ಸಿಕ್ಕಿ ಒಂದು ವರ್ಷ ತುಂಬಿಲ್ಲವೆಂದು ಸ್ಥಾನ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತರು, ಮತ್ತೆ ಗೆದ್ದರು, ಈ ಸಲ ಕುರ್ಚಿಯಲ್ಲಿ ಕುಳಿತರು.

1956ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಸಂಸತ್ತಿಗೆ ಸ್ಪರ್ಧಿಸಿದರು. ಎದುರಾಳಿ ಜಾಕ್ವೆಲಿನ್ ಕಾಕ್ರನ್. ಶಬ್ದಕ್ಕಿಂತ ವೇಗವಾಗಿ ವಿಮಾನ ಹಾರಿಸಿದ ಮೊದಲ ಮಹಿಳೆ, ದೇಶಕ್ಕೆಲ್ಲ ಗೊತ್ತಿದ್ದವರು. ಆದರೂ ಜನ ಸೌಂದ್ ಅವರನ್ನೇ ಆರಿಸಿದರು. ಮುಂದಿನ ವರ್ಷ ಅವರು ಭಾರತಕ್ಕೂ ಭೇಟಿ ಕೊಟ್ಟರು. 1958 ಮತ್ತು 1960ರಲ್ಲೂ ಗೆದ್ದರು.

1962ರಲ್ಲಿ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಆ ವರ್ಷದ ಚುನಾವಣೆಯಲ್ಲಿ ಸೋತರು. 1973ರ ಏಪ್ರಿಲ್ 22ರಂದು ತೀರಿಕೊಂಡರು.

ಬರುವ ವರ್ಷ ನನಗೆ 18 ತುಂಬುತ್ತದೆ. ನಮ್ಮ ತರಗತಿಯ ಬಹಳ ಮಂದಿಗೂ ಅಷ್ಟೇ. ಸೌಂದ್ ಸುಮಾರು 30 ವರ್ಷ ಕಾದು ಪಡೆದ ಹಕ್ಕು ನಮಗೆ ಒಂದು ಅರ್ಜಿ ತುಂಬಿದರೆ ಸಿಗುತ್ತದೆ. ಸ್ನೇಹಿತರೇ, ಆ ಅರ್ಜಿಯನ್ನು ನಾವೆಲ್ಲ ಒಟ್ಟಿಗೇ ಹೋಗಿ ಕೊಟ್ಟು ಬರೋಣ.