ಅಣುವನ್ನು ಅಕ್ಷರಕ್ಕಿಳಿಸಿದ ಬರ್ಜೀಲಿಯಸ್

ನಮ್ಮ ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಗಂಧಕದ ಹೊಗೆ ಹೊಸದಲ್ಲ. ಮಣೂಕಕ್ಕೆ ಹೊಂಬಣ್ಣ ಬರಲೆಂದು ಹಾಕುವ ಆ ಹೊಗೆಗೆ ತರಗತಿಯಲ್ಲಿ ಸಲ್ಫರ್ ಡೈಆಕ್ಸೈಡ್ ಎಂದು ಹೆಸರು. ಗಂಧಕದ ಒಂದು ಪರಮಾಣು, ಆಮ್ಲಜನಕದ ಎರಡು. ‘ಡೈ’ ಎಂದರೆ ಎರಡು. ಬರೆಯುವುದು ಎಸ್‌ಓ₂. ಈ ಬರವಣಿಗೆಯ ದಾರಿ ತೋರಿದವರು ಸ್ವೀಡನ್ನಿನ ಯೋನ್ಸ್ ಯಾಕೋಬ್ ಬರ್ಜೀಲಿಯಸ್.

1779ರ ಆಗಸ್ಟ್ 20ರಂದು ಹುಟ್ಟಿದ ಅವರು ನಾಲ್ಕನೇ ವಯಸ್ಸಿಗೆ ತಂದೆಯನ್ನೂ ಕೆಲವೇ ವರ್ಷಗಳಲ್ಲಿ ತಾಯಿಯನ್ನೂ ಕಳೆದುಕೊಂಡು ಬಂಧುಗಳ ಆಸರೆಯಲ್ಲಿ ಬೆಳೆದರು. ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡು ವೈದ್ಯರಾದರು. ಸ್ಟಾಕ್‌ಹೋಮ್‌ನಲ್ಲಿ ಪಾಠ ಹೇಳುವಾಗ 1808ರಿಂದ ತಮ್ಮ ತಾಯ್ನುಡಿಯಲ್ಲೇ ರಸಾಯನಶಾಸ್ತ್ರದ ಪಠ್ಯಪುಸ್ತಕ ಹೊರತಂದರು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅವರ ಬದುಕಿನಲ್ಲಿ ಬಹಳ ಹಿಡಿಸಿದ ಸಂಗತಿ ಇದು.

ಅಡುಗೆಮನೆಗೆ ತಾಗಿದ ಪುಟ್ಟ ಪ್ರಯೋಗಶಾಲೆಯಲ್ಲಿ ಅವರು ತೂಗಿ ಪರೀಕ್ಷಿಸಿದ ಸಂಯುಕ್ತಗಳು ಸುಮಾರು 2,000. ಇಷ್ಟನ್ನು ಬರೆದಿಡುವುದು ಹೇಗೆ? ಇಂಗ್ಲೆಂಡಿನ ಡಾಲ್ಟನ್ ವೃತ್ತಗಳನ್ನು ಬಿಡಿಸುತ್ತಿದ್ದರು: ಆಮ್ಲಜನಕಕ್ಕೆ ಬರಿ ವೃತ್ತ, ಜಲಜನಕಕ್ಕೆ ನಡುವೆ ಚುಕ್ಕೆ, ಇಂಗಾಲಕ್ಕೆ ಕಪ್ಪು ವೃತ್ತ. ಅಚ್ಚಿನವರಿಗೆ ಅದು ತಲೆನೋವು. ಬರ್ಜೀಲಿಯಸ್ 1813ರ ಹೊತ್ತಿಗೆ ಲ್ಯಾಟಿನ್ ಹೆಸರಿನ ಮೊದಲ ಅಕ್ಷರವನ್ನೇ ಗುರುತಾಗಿ ಹಿಡಿದರು. ಎರಡು ಧಾತುಗಳ ಮೊದಲಕ್ಷರ ಒಂದೇ ಆದರೆ ಇನ್ನೊಂದು ಅಕ್ಷರ ಸೇರಿಸಿದರು. ಕಬ್ಬಿಣ ಫೆರಮ್, ಆದ್ದರಿಂದ ‘ಎಫ್‌ಇ’. ಪರಮಾಣುಗಳು ಎಷ್ಟೆಂದು ಪಕ್ಕದಲ್ಲಿ ಅಂಕಿ. ಆ ಅಂಕಿಯನ್ನು ಅವರು ಮೇಲೆ ಬರೆಯುತ್ತಿದ್ದರು. ಕೆಳಗಿಳಿಸಿದವರು ಜರ್ಮನಿಯ ಲೀಬಿಗ್, 1834ರಲ್ಲಿ. ಡಾಲ್ಟನ್ ಮಾತ್ರ ಕೊನೆಯವರೆಗೂ ಈ ಅಕ್ಷರಗಳನ್ನು ಮೆಚ್ಚಲಿಲ್ಲ.

ಹೆಸರು ಬದಲಿಸುವುದು ಬರ್ಜೀಲಿಯಸ್ ಅವರಿಗೂ ಸುಲಭವಿರಲಿಲ್ಲ. ಕ್ಲೋರಿನ್ ಅನಿಲದಲ್ಲಿ ಆಮ್ಲಜನಕವಿದೆ ಎಂದು ಬಹುಕಾಲ ನಂಬಿ, ಅದನ್ನೇ ಸೂಚಿಸುವ ಹಳೆಯ ಹೆಸರನ್ನು ಬಳಸುತ್ತಿದ್ದರು. ನಂಬಿಕೆ ಬಿಟ್ಟ ಮೇಲೆ, ಪಾತ್ರೆ ತೊಳೆಯುತ್ತಾ ಹಳೆಯ ಹೆಸರು ಹೇಳಿದ ಅಡುಗೆಯ ಆನಾಗೂ ಕ್ಲೋರಿನ್ ಎನ್ನಬೇಕೆಂದು ತಿದ್ದಿದರಂತೆ.

ಆದರೆ ಇನ್ನೊಂದು ನಂಬಿಕೆಯನ್ನು ಬಿಡಲಿಲ್ಲ. ಧನ ಮತ್ತು ಋಣ ವಿದ್ಯುತ್ತಿನ ಸೆಳೆತದಿಂದಲೇ ಪರಮಾಣುಗಳು ಕೂಡುತ್ತವೆ, ಆದ್ದರಿಂದ ಒಂದೇ ಧಾತುವಿನ ಎರಡು ಪರಮಾಣುಗಳು ಜೋಡಿಯಾಗಲಾರವು ಎಂಬುದು ಅವರ ವಾದ. ಅವೊಗಾಡ್ರೊ ಅವರ ಜೋಡಿ ಪರಮಾಣುಗಳ ಅಣುವನ್ನು ಅವರು ಒಪ್ಪಲಿಲ್ಲ. 1848ರ ಆಗಸ್ಟ್ 7ರಂದು ತೀರಿಕೊಂಡರು. ಇಂದು ನಮ್ಮ ಶಾಲೆಯ ಮಕ್ಕಳು ಅವರದೇ ಅಕ್ಷರದಲ್ಲಿ, ಅವರು ಒಪ್ಪದ ಓ₂ ಬರೆಯುತ್ತಾರೆ.